ಐದು ಕಿಲೋಮೀಟರ್ ಒಳಗಿನ ದಾರಿ: ಸ್ಕೂಟರ್ ಬಿಟ್ಟು ನಡೆಯಲು, ಸೈಕಲ್ ಹತ್ತಲು, ಬಸ್ ಹಿಡಿಯಲು ಏನೇನು ಬೇಕು

ಸ್ಕೂಟರ್ ತೆಗೆದು ಹೊರಡುವವರಿಗೆ ಹೊಗೆಯ ಬಗ್ಗೆಯಾಗಲಿ ಟ್ರಾಫಿಕ್ ಬಗ್ಗೆಯಾಗಲಿ ಗೊತ್ತಿಲ್ಲ ಎಂದೇನಿಲ್ಲ, ಚೆನ್ನಾಗಿಯೇ ಗೊತ್ತು. ಆದರೂ ಎರಡು ಕಿಲೋಮೀಟರ್ ಆಚೆಯ ಬ್ಯಾಂಕಿಗೆ, ನಾಲ್ಕು ಕಿಲೋಮೀಟರ್ ಆಚೆಯ ಆಫೀಸಿಗೆ ಸ್ಕೂಟರೇ ಹೊರಡುತ್ತದೆ. ಪರಿಸರ ದಿನದ ಜಾಥಾ ಮುಗಿದ ಮಾರನೆಯ ದಿನವೂ ಹಾಗೆಯೇ. ಈ ತೀರ್ಮಾನ ಆಗುವುದು ಮನೆಯ ಗೇಟಿನ ಬಳಿ, ಬೆಳಗಿನ ಅವಸರದಲ್ಲಿ. ಎಷ್ಟು ಹೊತ್ತು ಹಿಡಿಯುತ್ತದೆ, ಹೇಳಿದ ಹೊತ್ತಿಗೆ ತಲುಪುತ್ತೇನಾ, ಬೆವರಿ ಒದ್ದೆಯಾಗುತ್ತೇನಾ, ರಸ್ತೆ ದಾಟುವಾಗ ಏನಾದರೂ ಆಗಿಬಿಟ್ಟರೆ: ಆ ಹೊತ್ತಿನಲ್ಲಿ ತಲೆಯಲ್ಲಿ ಓಡುವುದು ಇಷ್ಟೇ. ಅಪಾರ್ಟ್‌ಮೆಂಟ್ ಸಂಘವಿರಲಿ, ಕಂಪನಿಯ ಆಡಳಿತವಿರಲಿ, ಶಾಲೆಯ ಪೋಷಕರ ಸಮಿತಿಯಿರಲಿ, ಜನ ಬದಲಾಗಬೇಕು ಎಂದು ಬಯಸುವವರು ಮೊದಲು ಈ ಪ್ರಶ್ನೆಗಳಲ್ಲಿ ಯಾವುದು ಅಡ್ಡ ನಿಂತಿದೆ ಎಂದು ಹುಡುಕಬೇಕು. ಅಡ್ಡಿಯನ್ನು ತೆಗೆಯದೆ ಹೇಳುವ ಬುದ್ಧಿಮಾತು ಯಾರ ಕಿವಿಗೂ ಇಳಿಯುವುದಿಲ್ಲ.

ಎಲ್ಲ ಪ್ರಯಾಣವನ್ನೂ ಬದಲಿಸಲು ಹೊರಡಬೇಕಿಲ್ಲ. ಬೆಂಗಳೂರಿನ ಒಂದು ತುದಿಯ ಕೆಂಗೇರಿಯಿಂದ ಇನ್ನೊಂದು ತುದಿಯ ವೈಟ್‌ಫೀಲ್ಡ್‌ಗೆ ದಿನಾ ಸೈಕಲ್ ತುಳಿಯಿರಿ ಎಂದು ಯಾರಿಗೂ ಹೇಳಲಾಗದು. ಒಂದು ಕಿ.ಮೀ. ದೂರ ಸಾಮಾನ್ಯ ನಡಿಗೆಯಲ್ಲಿ 12–13 ನಿಮಿಷ. ಐದು ಕಿ.ಮೀ. ಸೈಕಲ್‌ನಲ್ಲಿ ನಿಧಾನವಾಗಿ ಹೋದರೂ 20–25 ನಿಮಿಷ. ಅದಕ್ಕಿಂತ ದೂರವಿದ್ದರೆ ಬಸ್ಸು, ಮೆಟ್ರೊ. ಅದರ ಎರಡು ತುದಿಯಲ್ಲಿ ನಡಿಗೆ ಅಥವಾ ಸೈಕಲ್. ಕೈ ಹಾಕಬೇಕಾದ್ದು ಈ ಐದು ಕಿಲೋಮೀಟರ್ ಒಳಗಿನ ಓಡಾಟಕ್ಕೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಚೆನ್ನಾಗಿ ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಕಿಲೋಮೀಟರ್ ಲೆಕ್ಕದಲ್ಲಿ ಅತಿ ಕೊಳಕು ಪ್ರಯಾಣ ಎಂದರೆ ಎಂಜಿನ್ ಬಿಸಿಯಾಗುವ ಮೊದಲೇ ಮುಗಿದುಹೋಗುವ ಪ್ರಯಾಣ.

ಇಂಗಾಲದ ಲೆಕ್ಕ ಬೇಕೆಂದರೆ ಕಷ್ಟವೇನಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಕಿಲೋಮೀಟರಿಗೆ 50 ಗ್ರಾಂ ಬಿಡುತ್ತದೆ, ಪೇಟೆಯಲ್ಲಿ 12 ಕೊಡುವ ಕಾರು 190 ಗ್ರಾಂ. ಲೀಟರಿಗೆ ನಾಲ್ಕು ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 40 ಜನ ಇದ್ದರೆ ತಲೆಗೆ 17 ಗ್ರಾಂ ಮಾತ್ರ. ಅದೇ ಬಸ್ಸು ಎಂಟು ಜನರನ್ನು ಹೊತ್ತು ಓಡಿದರೆ ತಲೆಗೆ 80 ಗ್ರಾಂ ದಾಟಿ, ಸ್ಕೂಟರಿಗಿಂತ ಕೆಟ್ಟದಾಗುತ್ತದೆ. ಬಸ್ಸು ತುಂಬುವಂತೆ ನೋಡಿಕೊಳ್ಳುವುದೂ ಈ ಕೆಲಸದ ಭಾಗವೇ.

ಬಸ್ಸು: ವೇಗಕ್ಕಿಂತ ಭರವಸೆ

ಬಸ್ಸಿನ ಪ್ರಯಾಣದಲ್ಲಿ ನಾಲ್ಕು ತುಂಡುಗಳಿವೆ: ಸ್ಟಾಪಿಗೆ ನಡಿಗೆ, ಕಾಯುವಿಕೆ, ಬಸ್ಸಿನೊಳಗಿನ ಹೊತ್ತು, ಇಳಿದ ಮೇಲಿನ ನಡಿಗೆ. ಸ್ಟಾಪಿನಲ್ಲಿ ಸುಮ್ಮನೆ ನಿಂತ ಹತ್ತು ನಿಮಿಷ ಬಸ್ಸಿನಲ್ಲಿ ಕೂತ ಇಪ್ಪತ್ತು ನಿಮಿಷದಷ್ಟು ಭಾರ ಎನಿಸುತ್ತದೆ. ಸಾರಿಗೆ ಯೋಜನೆ ಮಾಡುವವರು ಕಾಯುವ ಹೊತ್ತನ್ನು ಹೆಚ್ಚುಕಡಿಮೆ ಎರಡರಿಂದ ಗುಣಿಸಿಯೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಬಸ್ಸನ್ನು ಐದು ನಿಮಿಷ ವೇಗವಾಗಿ ಓಡಿಸುವುದಕ್ಕಿಂತ ಕಾಯುವುದರಲ್ಲಿ ಐದು ನಿಮಿಷ ಉಳಿಸಿದರೆ ಲಾಭ ದೊಡ್ಡದು.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಲೆಕ್ಕವಿದೆ. ಒಂದು ರೂಟಿನಲ್ಲಿ 15 ನಿಮಿಷಕ್ಕೊಂದು ಬಸ್ಸು ತಪ್ಪದೆ ಬಂದರೆ, ಯಾವಾಗಲೋ ಬಂದು ನಿಂತವರು ಸರಾಸರಿ ಏಳೂವರೆ ನಿಮಿಷ ಕಾಯುತ್ತಾರೆ. ಅಷ್ಟೇ ಬಸ್ಸುಗಳು ಒಮ್ಮೆ 5 ನಿಮಿಷಕ್ಕೆ, ಮತ್ತೊಮ್ಮೆ 25 ನಿಮಿಷಕ್ಕೆ ಬಂದರೆ? ಗಂಟೆಗೆ ಬರುವ ಬಸ್ಸುಗಳ ಸಂಖ್ಯೆ ಅದೇ. ಆದರೆ ಹೆಚ್ಚು ಜನ ಬಂದು ಸಿಕ್ಕಿಕೊಳ್ಳುವುದು ಆ 25 ನಿಮಿಷದ ಖಾಲಿ ಜಾಗದಲ್ಲೇ. ಅರ್ಧ ಗಂಟೆಯಲ್ಲಿ ಬರುವ ಆರು ಜನರಲ್ಲಿ ಐವರ ಪಾಲಿಗೆ ಉದ್ದನೆಯ ಅಂತರ ಬೀಳುತ್ತದೆ. ಸರಾಸರಿ ಕಾಯುವಿಕೆ ಹತ್ತಿರಹತ್ತಿರ 11 ನಿಮಿಷಕ್ಕೆ ಏರುತ್ತದೆ. ಜೊತೆಗೆ ಮುಂದಿನ ಬಸ್ಸು ತುಂಬಿ ತುಳುಕುತ್ತದೆ, ಹಿಂದಿನದು ಖಾಲಿ. ತುಂಬಿದ ಬಸ್ಸು ಪ್ರತಿ ಸ್ಟಾಪಿನಲ್ಲೂ ಹತ್ತಿಸಿ ಇಳಿಸುವುದರಲ್ಲಿ ಇನ್ನಷ್ಟು ತಡವಾಗುತ್ತದೆ, ಖಾಲಿ ಬಸ್ಸು ಅದನ್ನು ಹಿಂದಿನಿಂದ ಬಂದು ಹಿಡಿಯುತ್ತದೆ. ಒಂದೇ ನಂಬರಿನ ಎರಡು ಬಸ್ಸು ಬೆನ್ನಿಗೆ ಬೆನ್ನು ಬರುವುದು ಇದರಿಂದಲೇ. ತಪ್ಪು ಡ್ರೈವರಿನದಲ್ಲ, ಮೊದಲ ಬಸ್ಸು ಎಲ್ಲೋ ಜಾಮ್‌ನಲ್ಲಿ ಸಿಕ್ಕಿಕೊಂಡ ನಾಲ್ಕು ನಿಮಿಷದ್ದು.

ಬಸ್ಸಿಗೆ ಪ್ರತ್ಯೇಕ ಪಥ ಬೇಕು ಎನ್ನುವುದರ ಹಿಂದಿರುವ ತರ್ಕ ಇದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ 2019ರ ಕೊನೆಯಲ್ಲಿ ಇಂಥ ಪಥ ಬಂತು. ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸುಗಳು 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿ ಈಗಲೂ ಸುಮಾರು 22 ಕಿ.ಮೀ. ಉದ್ದದ ತಮ್ಮದೇ ಕಾರಿಡಾರಿನಲ್ಲಿ ಓಡುತ್ತಿವೆ. ಅಲ್ಲಿ ಟಿಕೆಟ್ ನಿಲ್ದಾಣದಲ್ಲೇ ತೆಗೆದುಕೊಳ್ಳಬೇಕು, ಪ್ಲಾಟ್‌ಫಾರ್ಮು ಬಸ್ಸಿನ ನೆಲಕ್ಕೆ ಸಮನಾಗಿದೆ. ಮೆಟ್ಟಿಲೂ ಇಲ್ಲ, ಬಾಗಿಲಲ್ಲಿ ಚಿಲ್ಲರೆ ಹುಡುಕುವುದೂ ಇಲ್ಲ. ಹತ್ತಿಳಿಯಲು ಕೆಲವೇ ಸೆಕೆಂಡು. ಒಂದು ತೊಡಕೂ ಇದೆ: ನಿಲ್ದಾಣ ರಸ್ತೆಯ ನಟ್ಟನಡುವೆ ಇರುವುದರಿಂದ ಪ್ರತಿ ಪ್ರಯಾಣಿಕನೂ ಅರ್ಧ ರಸ್ತೆಯನ್ನು ದಾಟಲೇಬೇಕು. ದಾಟುವ ಜಾಗ ಸುರಕ್ಷಿತವಲ್ಲದಿದ್ದರೆ ಒಳಗಿನ ಅನುಕೂಲವೆಲ್ಲ ವ್ಯರ್ಥ.

ಪಥ ಮಾಡಿಸುವುದು ಸರ್ಕಾರದ ಕೈಯಲ್ಲಿದೆ. ಕಾಯುವ ಹೊತ್ತಿನ ಅನಿಶ್ಚಯವನ್ನು ಕಡಿಮೆ ಮಾಡುವುದು ಮಾತ್ರ ಇಂದೇ ಸಾಧ್ಯ. ಬೆಂಗಳೂರಿನ ನಗರ ಸಾರಿಗೆಯ ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಎಂದು ಕಾಣುತ್ತದೆ. ಆಫೀಸಿನ ರಿಸೆಪ್ಷನ್‌ನಲ್ಲಿ ಒಂದು ಪರದೆ ಇಟ್ಟು ಹತ್ತಿರದ ಸ್ಟಾಪಿಗೆ ಬರುವ ಬಸ್ಸುಗಳನ್ನು ತೋರಿಸಿ, ಅಲ್ಲಿಗೆ ಎಷ್ಟು ನಿಮಿಷದ ನಡಿಗೆ ಎಂದು ಪಕ್ಕದಲ್ಲಿ ಬರೆದಿಡಿ. ಜನ ಕಾಯುವ ಹೊತ್ತನ್ನು ತಮ್ಮ ಕುರ್ಚಿಯಲ್ಲೇ ಕಳೆಯುತ್ತಾರೆ. ಹೊಸದಾಗಿ ಸೇರಿದವರಿಗೆ ಅವರ ಬಡಾವಣೆಯಿಂದ ಯಾವ ನಂಬರು, ಎಲ್ಲಿ ಇಳಿಯಬೇಕು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅವರ ಪಾಲಿಗೆ ಈಗ ಉಳಿದಿರುವ ಪ್ರಶ್ನೆ ಹಣದ್ದಲ್ಲ: ರಾತ್ರಿ ಎಂಟೂವರೆಗೆ ಸ್ಟಾಪಿನಲ್ಲಿ ದೀಪ ಇದೆಯೇ, ಅಲ್ಲಿಂದ ಮನೆಯವರೆಗಿನ ಮುನ್ನೂರು ಮೀಟರ್ ಹೇಗಿದೆ.

ಫುಟ್‌ಪಾತ್: ಎಲ್ಲಿ ಕೆಳಗಿಳಿಯಬೇಕಾಯಿತು?

ಆ ಮುನ್ನೂರು ಮೀಟರೇ ಎಷ್ಟೋ ಜನರ ಬಸ್ ಪ್ರಯಾಣವನ್ನು ತಪ್ಪಿಸುತ್ತದೆ. ಪಾದಚಾರಿ ಸೌಲಭ್ಯಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಯಾವ ಅಡೆತಡೆಯೂ ಇಲ್ಲದ ನಡಿಗೆಯ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಚರಂಡಿಯ ಗೋಡೆ ಎತ್ತರವಿದ್ದಷ್ಟು ಫುಟ್‌ಪಾತೂ ಎತ್ತರ. ಒಂದಡಿ ಇರುವುದು ಮಾಮೂಲು. ಮೊಣಕಾಲು ನೋವಿರುವವರು ಅದನ್ನು ಹತ್ತುವುದೇ ಇಲ್ಲ. ಹತ್ತಿದವರೂ ಪ್ರತಿ ಮನೆಯ ಗೇಟಿನ ಮುಂದೆ ಇಳಿದು ಮತ್ತೆ ಹತ್ತಬೇಕು, ಏಕೆಂದರೆ ಕಾರು ಒಳಗೆ ಹೋಗಲೆಂದು ಫುಟ್‌ಪಾತನ್ನೇ ಕತ್ತರಿಸಿ ಇಳಿಜಾರು ಮಾಡಿರುತ್ತಾರೆ. ನೂರು ಮೀಟರಿನಲ್ಲಿ ಎಂಟು ಸಲ ಹತ್ತಿಳಿಯುವುದಕ್ಕಿಂತ ರಸ್ತೆಯಲ್ಲೇ ನಡೆಯೋಣ ಎಂದು ಯಾರಿಗಾದರೂ ಅನಿಸುತ್ತದೆ. ಸರಿಯಾದ ಕ್ರಮವೆಂದರೆ ಗೇಟಿನ ಮುಂದೆಯೂ ನಡೆಯುವ ಮಟ್ಟವನ್ನು ಹಾಗೇ ಉಳಿಸಿ, ರಸ್ತೆಯ ಕಡೆಯ ಅರ್ಧ ಮೀಟರಿನಷ್ಟು ಪಟ್ಟಿಯಲ್ಲಿ ಮಾತ್ರ ಕಾರಿಗೆ ಇಳಿಜಾರು ಕೊಡುವುದು. ಏರಿಳಿಯುವ ಶ್ರಮ ಎಂಜಿನ್ನಿಗಿರಲಿ, ಕಾಲಿಗೆ ಬೇಡ. ರಸ್ತೆ ದಾಟುವ ಕಡೆ ಗಾಲಿಕುರ್ಚಿಗಾಗಿ ಮಾಡುವ ರ‍್ಯಾಂಪಿನ ಇಳಿಜಾರು 1:12 ಇರಬೇಕು. 150 ಮಿ.ಮೀ. ಎತ್ತರಕ್ಕೆ 1.8 ಮೀಟರ್ ಉದ್ದ ಬೇಕು. ಅರ್ಧ ಮೀಟರಿನಲ್ಲಿ ಮುಗಿಸಿದ ರ‍್ಯಾಂಪು ಬರೀ ಫೋಟೋಗೆ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್ ಶೂರ್ ಎಂಬ ರಸ್ತೆ ಮರುನಿರ್ಮಾಣ ಮಾದರಿಯ ಕೆಲಸ ನೋಡಿದವರಿಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಅಲ್ಲಿ ನಿಜವಾದ ಕೆಲಸ ನಡೆದಿರುವುದು ನೆಲದ ಕೆಳಗೆ. ವಿದ್ಯುತ್ ತಂತಿ, ಇಂಟರ್‌ನೆಟ್ ಕೇಬಲ್, ನೀರು, ಚರಂಡಿಗೆ ಪ್ರತ್ಯೇಕ ಕೊಳವೆಗಳನ್ನು ಮೊದಲೇ ಹಾಕಿ, ಅಲ್ಲಲ್ಲಿ ತೆರೆದು ನೋಡುವ ಬಾಯಿ ಬಿಟ್ಟಿದ್ದಾರೆ. ಹೊಸ ಕೇಬಲ್ ಎಳೆಯಲು ಫುಟ್‌ಪಾತ್ ಅಗೆಯಬೇಕಿಲ್ಲ. ಈ ಕೆಲಸ ಬಿಟ್ಟು ಮೇಲೆ ಚೆಂದದ ಟೈಲ್ಸ್ ಮಾತ್ರ ಹಾಕಿದ ಕಡೆ ಆರೇ ತಿಂಗಳಲ್ಲಿ ಯಾರೋ ಬಂದು ಅಗೆದು, ಮಣ್ಣು ಮುಚ್ಚಿ ಹೋಗುತ್ತಾರೆ.

ನಿಮ್ಮ ಬಡಾವಣೆಯಲ್ಲಿ ಮಾಡಬಹುದಾದ್ದು ಒಂದು ಸಮೀಕ್ಷೆ. ಬಸ್ ಸ್ಟಾಪಿನಿಂದ 500 ಮೀಟರ್ ಒಳಗಿನ ರಸ್ತೆಗಳನ್ನು ಒಮ್ಮೆ ಬೆಳಿಗ್ಗೆ ಎಂಟೂವರೆಗೆ, ಇನ್ನೊಮ್ಮೆ ಕತ್ತಲಾದ ಮೇಲೆ ನಡೆಯಿರಿ. ಕೈಯಲ್ಲಿ ಅಳತೆ ಟೇಪು, ಫೋನು. ದೂರುಗಳ ದೊಡ್ಡ ಪಟ್ಟಿ ಬೇಡ. ಕೇಳಬೇಕಾದ್ದು ಒಂದೇ: ಎಲ್ಲೆಲ್ಲಿ ರಸ್ತೆಗೆ ಇಳಿಯಲೇಬೇಕಾಯಿತು? ಆ ಜಾಗದ ಫೋಟೋ, ಲೊಕೇಶನ್, ಉಳಿದಿರುವ ಅಗಲ, ಕಾರಣ ಬರೆದುಕೊಳ್ಳಿ. ಅರ್ಧ ಕಿಲೋಮೀಟರ್ ಚೆನ್ನಾಗಿದ್ದು ಎರಡು ಕಡೆ ತುಂಡಾದರೂ ತಳ್ಳುಗಾಡಿಯಲ್ಲಿ ಮಗುವನ್ನು ಕರೆತರುವ ತಾಯಿಗೆ ಆ ಇಡೀ ದಾರಿ ಇಲ್ಲದಂತೆಯೇ. ಕಟ್ಟಡದ ಕಸ, ಮುರಿದ ಚಪ್ಪಡಿ, ನಿಲ್ಲಿಸಿದ ಬೈಕು ವಾರದೊಳಗೆ ಸರಿಯಾಗುವಂಥವು. ಟ್ರಾನ್ಸ್‌ಫಾರ್ಮರ್ ಸರಿಸಲು ವಿದ್ಯುತ್ ಕಂಪನಿಯ (ಎಸ್ಕಾಂ) ಒಪ್ಪಿಗೆ, ಹಣ, ಬೇರೆ ಜಾಗ ಮೂರೂ ಬೇಕು, ವರ್ಷ ಹಿಡಿಯಬಹುದು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಸುಲಭದ್ದೂ ಕಷ್ಟದ್ದರ ಜೊತೆ ಫೈಲಿನಲ್ಲಿ ಕೂತುಬಿಡುತ್ತದೆ. ಬೇರೆ ಬೇರೆ ಕೊಡಿ. ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ಫುಟ್‌ಪಾತ್ ಮೇಲೆ ಬೈಕ್ ಓಡದಂತೆ ಕಂಬ ನೆಡಿಸುವಾಗ ಒಂದು ಎಚ್ಚರ. ಗಾಲಿಕುರ್ಚಿಗೆ ಕಂಬಗಳ ನಡುವೆ ಕನಿಷ್ಠ 900 ಮಿ.ಮೀ. ಬೇಕು. ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 700. ಅಂದರೆ ಗಾಲಿಕುರ್ಚಿ ಹೋಗುವ ಕಡೆ ಸ್ಕೂಟರೂ ಹೋಗುತ್ತದೆ. ಕಂಬವನ್ನು ಒತ್ತೊತ್ತಾಗಿ ನೆಟ್ಟರೆ ನಷ್ಟವಾಗುವುದು ಗಾಲಿಕುರ್ಚಿಯವರಿಗೆ. ಕಂಬ ಕಾರನ್ನು ತಡೆಯುತ್ತದೆ. ಬೈಕನ್ನು ತಡೆಯುವುದು ಪೊಲೀಸರ ದಂಡವೇ.

ಸಿಗ್ನಲ್ಲಿನ ಹಸಿರು ದೀಪದ ಅಳತೆಯನ್ನೂ ಯಾರು ಬೇಕಾದರೂ ಮಾಡಬಹುದು. ನಾಲ್ಕು ಪಥದ ರಸ್ತೆ ಸುಮಾರು 14 ಮೀಟರ್. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ದಾಟಲು 12 ಸೆಕೆಂಡು. ವಯಸ್ಸಾದವರು ಸೆಕೆಂಡಿಗೆ 0.8 ಮೀಟರ್ ನಡೆದರೆ 17–18 ಸೆಕೆಂಡು. ಪಾದಚಾರಿ ಹಸಿರು ಹತ್ತೇ ಸೆಕೆಂಡು ಇದ್ದರೆ ಆ ಸಿಗ್ನಲ್ಲು ಅಜ್ಜಿಯನ್ನು ರಸ್ತೆ ಮಧ್ಯೆ ಬಿಟ್ಟುಬಿಡುತ್ತದೆ. ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆದು, ರಸ್ತೆಯ ಅಗಲದ ಜೊತೆ ಬರೆದು ಟ್ರಾಫಿಕ್ ಪೊಲೀಸರಿಗೆ ಕೊಡಿ. ಟೈಮರ್ ಬದಲಿಸಲು ಟೆಂಡರ್ ಕರೆಯಬೇಕಿಲ್ಲ.

ಸೈಕಲ್: ಮೊದಲ ಎರಡು ವಾರ

ಸೈಕಲ್ ಶುರುಮಾಡಿ ಬಿಟ್ಟವರು ಕೊಡುವ ಕಾರಣ ಹೆಚ್ಚಾಗಿ ಮೂರೇ: ಮೊಣಕಾಲು ನೋವು, ಪದೇ ಪದೇ ಪಂಕ್ಚರ್, ಭಯ. ಮೂರಕ್ಕೂ ಪರಿಹಾರವಿದೆ. ದುಬಾರಿ ಸೈಕಲ್ ಅದರಲ್ಲಿ ಸೇರಿಲ್ಲ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದಿರುವ ಸೈಕಲ್ಲೇ ಸಾಕು. ಶಾಪಿಗೆ ಕೊಟ್ಟು ಓವರ್‌ಹಾಲ್ ಮಾಡಿಸಿ, ಚಕ್ರದ ಬೆಂಡ್ ತೆಗೆಸಿ, ಬ್ರೇಕ್ ಕೇಬಲ್, ಬ್ರೇಕ್ ಶೂ, ಟ್ಯೂಬು ಹೊಸದು ಹಾಕಿಸಿ. ಹೊಸದು ಕೊಳ್ಳುವುದಾದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಅಗ್ಗದ ಮಾದರಿ ಬೇಡ. ಭಾರ ಹೆಚ್ಚು, ತುಳಿದ ಶಕ್ತಿಯ ಒಂದು ಪಾಲು ಸ್ಪ್ರಿಂಗಿಗೇ ಹೋಗುತ್ತದೆ. ಗುಂಡಿ ರಸ್ತೆಗೆ ಬೇಕಾದ್ದು 35ರಿಂದ 45 ಮಿ.ಮೀ. ಅಗಲದ ಟೈರು. ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್ ಇರಲೇಬೇಕು. ಸೀರೆ, ಚೂಡಿದಾರ್ ಉಡುವವರಿಗೆ ಅಡ್ಡಪಟ್ಟಿ ಕೆಳಗಿರುವ ಲೇಡೀಸ್ ಸೈಕಲ್, ಅದರ ಹಿಂದಿನ ಚಕ್ರಕ್ಕೆ ಬಟ್ಟೆ ಸಿಲುಕದಂತೆ ಜಾಲರಿ.

ಮೊಣಕಾಲು ನೋವಿನ ಮೂಲ ಸಾಮಾನ್ಯವಾಗಿ ತಗ್ಗಾದ ಸೀಟು. ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಬೇಕೆಂದು ಸೀಟು ಇಳಿಸಿಕೊಳ್ಳುತ್ತೇವೆ. ಆಗ ಮೊಣಕಾಲು ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಚುತ್ತದೆ. ಸೀಟಿನ ಮೇಲೆ ಕೂತು, ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮೊಣಕಾಲು ತಾನಾಗಿ ಸ್ವಲ್ಪವೇ ಮಡಚಿಕೊಳ್ಳುತ್ತದೆ. ಹೊಸಬರು ಮೊದಲ ವಾರ ಇದಕ್ಕಿಂತ ಒಂದೆರಡು ಸೆಂ.ಮೀ. ತಗ್ಗಿಸಿಕೊಳ್ಳಲಿ, ಧೈರ್ಯ ಬಂದಮೇಲೆ ಏರಿಸಲಿ. ಇನ್ನೊಂದು ತಪ್ಪು ಭಾರದ ಗೇರಿನಲ್ಲಿ ಒತ್ತಿ ತುಳಿಯುವುದು. ಗೇರ್ ಹಗುರ ಮಾಡಿಕೊಂಡು ನಿಮಿಷಕ್ಕೆ 60–70 ಸುತ್ತು ಬರುವಂತೆ ತುಳಿದರೆ ಮೊಣಕಾಲಿಗೆ ಹೊರೆ ಇಳಿಯುತ್ತದೆ.

ಪಂಕ್ಚರಿನಲ್ಲಿ ಎಷ್ಟೋ ಮೊಳೆಯಿಂದ ಆಗಿರುವುದಿಲ್ಲ, ಗಾಳಿ ಕಡಿಮೆಯಾಗಿ ಆಗಿರುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅಂಥ ಜೋಡಿ ತೂತು ಕಂಡರೆ ಟೈರಿನಲ್ಲಿ ಮುಳ್ಳು ಹುಡುಕಬೇಡಿ, ಗಾಳಿ ಹೆಚ್ಚಿಸಿ. ಟೈರಿನ ಬದಿಯಲ್ಲಿ ಎಷ್ಟರಿಂದ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚು ಹಾಕಿರುತ್ತದೆ. 40 ಮಿ.ಮೀ. ಟೈರು, 70 ಕಿಲೋ ತೂಕದ ಸವಾರನಿಗೆ 50ರಿಂದ 60 ಸರಿಹೋಗುತ್ತದೆ. ನಿಲ್ಲಿಸಿಟ್ಟರೂ ಟ್ಯೂಬಿನಿಂದ ಗಾಳಿ ನಿಧಾನಕ್ಕೆ ಸೋರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಪಂಪ್ ಹೊಡೆಯಲೇಬೇಕು. ಗೇರ್ ಸೈಕಲ್ಲುಗಳಲ್ಲಿ ಸ್ಕೂಟರಿನಂಥದೇ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಬಹುದು. ಒಂದೇ ಸಲ ಒತ್ತಿ ಹಿಡಿಯಬೇಡಿ. ಸಣ್ಣ ಟ್ಯೂಬು ಕ್ಷಣದಲ್ಲಿ ಸಿಡಿಯುತ್ತದೆ. ಚುಟುಕು ಚುಟುಕಾಗಿ ಬಿಟ್ಟು ಒತ್ತಿ ನೋಡಿ. ಹಳೆಯ ಮಾದರಿಯ ವಾಲ್ವಿನಲ್ಲಿ ಒಳಗಿನ ರಬ್ಬರ್ ನಳಿಕೆ ಒಣಗಿ ಬಿರಿದರೂ ಗಾಳಿ ಹೋಗುತ್ತದೆ. ಪಂಕ್ಚರ್ ಎಂದು ಟ್ಯೂಬು ಬಿಚ್ಚುವ ಮೊದಲು ವಾಲ್ವಿಗೆ ಸ್ವಲ್ಪ ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಪಂಕ್ಚರ್ ಹಾಕಲು ಬೇಕಾದ್ದು ಎರಡು ಪ್ಲಾಸ್ಟಿಕ್ ಟೈರ್ ಲಿವರ್, ಮರಳು ಕಾಗದ, ಸೊಲ್ಯೂಷನ್, ಪ್ಯಾಚು, ಪಂಪು. ಟ್ಯೂಬು ತೆಗೆದು ಗಾಳಿ ತುಂಬಿ ನೀರಿನಲ್ಲಿ ಅದ್ದಿ ತೂತು ಗುರುತಿಸಿ, ಒರೆಸಿ ಒಣಗಿಸಿ, ಪ್ಯಾಚಿಗಿಂತ ಸ್ವಲ್ಪ ದೊಡ್ಡ ಜಾಗವನ್ನು ಹೊಳಪು ಹೋಗುವವರೆಗೆ ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಹಚ್ಚಿ ಮೂರರಿಂದ ಐದು ನಿಮಿಷ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ: ಒದ್ದೆಯಿರುವಾಗಲೇ ಪ್ಯಾಚ್ ಅಂಟಿಸಿದರೆ ಎರಡು ದಿನದಲ್ಲಿ ಅಂಚು ಏಳುತ್ತದೆ. ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ ಕೂರಿಸಬೇಕು. ಟ್ಯೂಬು ವಾಪಸು ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಎಳೆದು ನೋಡಿ. ಮುಳ್ಳೋ ತಂತಿಯೋ ಉಳಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬೆರಳಿನಲ್ಲಿ ಸವರಿದರೆ ಬೆರಳೇ ಕುಯ್ಯಬಹುದು.

ಚೈನಿಗೆ 200 ಕಿ.ಮೀ.ಗೊಮ್ಮೆ, ಮತ್ತು ಮಳೆಯಲ್ಲಿ ನೆನೆದಾಗಲೆಲ್ಲ, ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿ. ಪ್ರತಿ ಕೊಂಡಿಗೆ ಒಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಐದು ನಿಮಿಷದ ನಂತರ ಹೊರಗಿನ ಎಣ್ಣೆಯನ್ನು ಒರೆಸಿಬಿಡಿ. ಒಳಗಿನ ಎಣ್ಣೆ ಕೆಲಸ ಮಾಡುತ್ತದೆ, ಹೊರಗಿನದು ಧೂಳು ಹಿಡಿಯುತ್ತದೆ. ಸೀಮೆಎಣ್ಣೆ ತೊಳೆಯಲಿಕ್ಕೆ ಸರಿ, ಜಾರಿಕೆಗೆ ಸಾಲದು.

ಇನ್ನು ಭಯ. ಸ್ಕೂಟರಿನ ದಾರಿಯಲ್ಲೇ ಸೈಕಲ್ ತುಳಿಯಲು ಹೊರಡುವುದರಿಂದ ಅರ್ಧ ಭಯ ಹುಟ್ಟುತ್ತದೆ. ದೊಡ್ಡ ರಸ್ತೆಗೆ ಸಮಾನಾಂತರವಾಗಿ ಒಳಗಿನ ಕ್ರಾಸು, ಮೇನ್‌ಗಳ ಮೂಲಕ ಹೋಗುವ ದಾರಿ ಹೆಚ್ಚಿನ ಹಳೆಯ ಬಡಾವಣೆಗಳಲ್ಲಿ ಸಿಗುತ್ತದೆ, ಅರ್ಧ ಕಿ.ಮೀ. ಸುತ್ತಾದರೂ ಅದೇ ಒಳ್ಳೆಯದು. ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿಬನ್ನಿ, ಆಮೇಲೆ ವಾರದ ದಿನ ಸಂಜೆ ಹೊತ್ತಿನಲ್ಲಿ ಒಮ್ಮೆ. ಫ್ಲೈಓವರ್ ಮತ್ತು ಅಂಡರ್‌ಪಾಸ್ ತಪ್ಪಿಸಿ. ರಸ್ತೆಯ ತೀರ ಅಂಚಿಗೆ ಒತ್ತಿಕೊಂಡು ಹೋಗುವುದು ಸುರಕ್ಷಿತ ಎನಿಸಿದರೂ ಹಾಗಲ್ಲ: ಅಲ್ಲೇ ಜಲ್ಲಿ, ಚರಂಡಿಯ ಕಂಬಿ, ಏಕಾಏಕಿ ತೆರೆಯುವ ಕಾರಿನ ಬಾಗಿಲು ಇರುವುದು. ಅಂಚಿನಿಂದ ಮುಕ್ಕಾಲು ಮೀಟರ್, ನಿಂತ ಕಾರುಗಳಿಂದ ಒಂದು ಮೀಟರ್ ಬಿಟ್ಟು ನೇರ ಗೆರೆಯಲ್ಲಿ ಹೋಗಿ; ಎರಡು ಕಾರುಗಳ ನಡುವಿನ ಖಾಲಿಗೆ ನುಗ್ಗಿ ಹೊರಬರುತ್ತಿದ್ದರೆ ಹಿಂದಿನವರಿಗೆ ನೀವು ಕಾಣುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ಲಾರಿಯ ಎಡಗಡೆ ತೂರಬೇಡಿ. ಎಡಕ್ಕೆ ತಿರುಗುವಾಗ ಚಾಲಕನ ಕಣ್ಣಿಗೆ ಬೀಳದ ಜಾಗ ಅದು. ದೊಡ್ಡ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಲು ಹೆದರಿಕೆಯಾದರೆ ನೇರವಾಗಿ ದಾಟಿ, ಆಚೆ ಬದಿಯಲ್ಲಿ ನಿಂತು, ಮುಂದಿನ ಹಸಿರಿಗೆ ಅಡ್ಡ ರಸ್ತೆಯವರ ಜೊತೆ ಹೊರಡಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹಣೆ ಪೂರ್ತಿ ಕಾಣುವಂತೆ ಹಿಂದಕ್ಕೆ ಸರಿದರೆ ಹಾಕಿಯೂ ಪ್ರಯೋಜನವಿಲ್ಲ.

ಬೆವರಿನ ವಿಷಯ. ಬೆನ್ನಿಗೆ ಬ್ಯಾಗು ಹಾಕದೆ ಕ್ಯಾರಿಯರ್‌ಗೆ ಕಟ್ಟಿ, ಗಂಟೆಗೆ 12–14 ಕಿ.ಮೀ. ವೇಗ ಮೀರದಿರಿ, ಕೊನೆಯ ಅರ್ಧ ಕಿ.ಮೀ. ಇನ್ನೂ ನಿಧಾನ. ಬೆಂಗಳೂರು, ಮೈಸೂರಿನ ಬೆಳಗಿಗೆ ಇಷ್ಟೇ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್–ಮೇ, ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆ ಹೆಚ್ಚಾಗಿ ಸಂಜೆಯದು. ಮನೆಗೆ ಬರುವಾಗ ನೆನೆದರೆ ಬಟ್ಟೆ ಬದಲಿಸಿದರಾಯಿತು. ಆದರೆ ನೀರು ನಿಂತ ರಸ್ತೆಯಲ್ಲಿ ಇಳಿದು ತಳ್ಳಿಕೊಂಡು ಹೋಗಿ, ತೆರೆದ ಮ್ಯಾನ್‌ಹೋಲ್ ಕಾಣುವುದಿಲ್ಲ. ಒದ್ದೆಯಾದ ರಿಮ್ ಬ್ರೇಕು ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ಮುಂಚಿತವಾಗಿ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ಮಂಗಳೂರಿನ ಜೂನ್, ಜುಲೈಗೂ ರಾಯಚೂರು, ಕಲಬುರಗಿಯ ಏಪ್ರಿಲ್, ಮೇ ತಿಂಗಳಿಗೂ ಈ ಮಾತು ಅನ್ವಯಿಸದು. ಆ ತಿಂಗಳುಗಳಿಗೆ ಬಸ್ಸು ಅನ್ನುವುದನ್ನು ಮೊದಲೇ ಯೋಜನೆಯಲ್ಲಿ ಸೇರಿಸಿ.

ಏರು ಹೆಚ್ಚಿರುವ ದಾರಿಗೆ, ವಯಸ್ಸಾದವರಿಗೆ ಇ–ಸೈಕಲ್ ಒಳ್ಳೆಯ ಆಯ್ಕೆ. ಮೋಟರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ಮೀರದೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗಿದ್ದರೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. 36 ವೋಲ್ಟ್, 10 ಆಂಪಿಯರ್–ಅವರ್ ಬ್ಯಾಟರಿಯಲ್ಲಿ 360 ವ್ಯಾಟ್–ಅವರ್ ಶಕ್ತಿ ಇರುತ್ತದೆ. ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10ರಂತೆ 35 ಕಿ.ಮೀ. ಸಿಗುತ್ತದೆ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಡ.

ಸ್ವಂತ ಸೈಕಲ್ ಇಲ್ಲದವರಿಗಾಗಿ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು: ಸುಮಾರು 450 ಸೈಕಲ್, 48 ನಿಲ್ದಾಣ. ಇಂಥ ವ್ಯವಸ್ಥೆಯ ಜೀವ ಸೈಕಲ್ಲಿನ ಸಂಖ್ಯೆಗಿಂತ ನಿಲ್ದಾಣಗಳ ಅಂತರದಲ್ಲಿದೆ. ಒಂದರಿಂದ ಇನ್ನೊಂದು 300ರಿಂದ 500 ಮೀಟರ್ ಒಳಗಿರಬೇಕು. ತಲುಪಿದ ಮೇಲೆ ಸೈಕಲ್ ಬಿಡಲು ಮುಕ್ಕಾಲು ಕಿಲೋಮೀಟರ್ ಆಚೆ ಹೋಗಬೇಕಾದರೆ ಎರಡನೆಯ ಸಲ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಿಂದ ಒಂದು ಕಡೆ ಖಾಲಿ, ಇನ್ನೊಂದು ಕಡೆ ಭರ್ತಿಯಾಗುತ್ತದೆ. ವ್ಯಾನಿನಲ್ಲಿ ತುಂಬಿ ವಾಪಸು ಹಂಚುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಯೋಜನೆ ಸೊರಗುತ್ತದೆ.

ಆಫೀಸು, ಶಾಲೆ

ಸೈಕಲ್ ಸ್ಟ್ಯಾಂಡನ್ನು ಎರಡನೇ ಬೇಸ್‌ಮೆಂಟಿನ ಮೂಲೆಯಲ್ಲಿಟ್ಟು, ಕಾರುಗಳ ರ‍್ಯಾಂಪಿನಲ್ಲಿ ಇಳಿದು ಹೋಗಿ ಎಂದರೆ ಸಂಸ್ಥೆಗೆ ಇದು ಬೇಕಿಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಮುಂಬಾಗಿಲ ಹತ್ತಿರ, ಸೆಕ್ಯುರಿಟಿಯ ಕಣ್ಣಳತೆಯಲ್ಲಿ, ಸೂರಿನಡಿ ಇರಲಿ. ಮುಂದಿನ ಚಕ್ರವನ್ನು ಮಾತ್ರ ಹಿಡಿಯುವ ಸ್ಟ್ಯಾಂಡು ಚಕ್ರವನ್ನು ಬಾಗಿಸುತ್ತದೆ, ಫ್ರೇಮಿಗೆ ಬೀಗ ಹಾಕಲೂ ಬರುವುದಿಲ್ಲ. 50 ಮಿ.ಮೀ. ದಪ್ಪದ ಪೈಪನ್ನು ಬೋರಲು ಹಾಕಿದ ಯು ಆಕಾರಕ್ಕೆ ಬಗ್ಗಿಸಿ, ನೆಲದಿಂದ 75–80 ಸೆಂ.ಮೀ. ಎತ್ತರಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ. ಒಂದರಿಂದ ಒಂದಕ್ಕೆ ಒಂದು ಮೀಟರ್. ಒಂದು ಪೈಪಿಗೆ ಎರಡು ಸೈಕಲ್. ಒಂದು ಕಾರಿನ ಜಾಗದಲ್ಲಿ ಎಂಟರಿಂದ ಹತ್ತು ನಿಲ್ಲುತ್ತವೆ. ಪಕ್ಕದಲ್ಲಿ ನಿಂತು ಹೊಡೆಯುವ ಪಂಪು, ಪಂಕ್ಚರ್ ಸಾಮಾನು ಸರಪಳಿಗೆ ಕಟ್ಟಿ ಇಡಿ. ಸ್ನಾನದ ಕೋಣೆ ಇದ್ದರೆ ಒಳ್ಳೆಯದು, ಐದು ಕಿ.ಮೀ. ಒಳಗಿನವರಿಗೆ ಬಟ್ಟೆ ಇಡಲು ಲಾಕರು, ಒಂದು ಇಸ್ತ್ರಿಪೆಟ್ಟಿಗೆ ಸಾಕು.

ಪಾರ್ಕಿಂಗ್ ಉಚಿತವಾಗಿರುವವರೆಗೆ ಕಾರು ತರುವವರಿಗೆ ಸಂಸ್ಥೆ ಪ್ರತಿ ತಿಂಗಳು ಗುಟ್ಟಾಗಿ ಹಣ ಕೊಡುತ್ತಿದೆ ಎಂದೇ ಅರ್ಥ, ಏಕೆಂದರೆ ಆ ಜಾಗಕ್ಕೆ ಬಾಡಿಗೆ ಕಟ್ಟುತ್ತಿದೆ. ಪಾರ್ಕಿಂಗ್ ಬಿಟ್ಟುಕೊಟ್ಟವರಿಗೆ ಅಷ್ಟೇ ಮೊತ್ತವನ್ನು ಸಂಬಳದ ಜೊತೆ ಕೊಡುವುದು ನ್ಯಾಯ. ಯಾರ ಮೇಲೂ ದಂಡವಿಲ್ಲ, ಆಯ್ಕೆ ಅವರದೇ. ವಾರದ ಐದೂ ದಿನ ಕೇಳಬೇಡಿ. ಎರಡು ದಿನ ಸೈಕಲ್ ತಂದರೂ ಆ ವ್ಯಕ್ತಿಯ ಆಫೀಸು ಓಡಾಟದ ಪೆಟ್ರೋಲಿನಲ್ಲಿ ಶೇ. 40 ಇಳಿಯುತ್ತದೆ. ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋಗಬೇಕಾದರೆ ಆಟೋ ದುಡ್ಡು ಸಂಸ್ಥೆ ಕೊಡುತ್ತದೆ ಎಂಬ ಭರವಸೆ ಕೊಡಿ; ಬಳಸುವವರು ವಿರಳ, ಆದರೆ ಆ ಭರವಸೆಯಿಂದಲೇ ಬೈಕನ್ನು ಮನೆಯಲ್ಲಿ ಬಿಟ್ಟುಬರುವವರಿದ್ದಾರೆ.

ಶಾಲೆಗಳ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಅನುಭವವಿದೆ. 2006–07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಹಳ್ಳಿಯ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿಯನ್ನು ಹತ್ತಿರ ಮಾಡಿತು. ಊರಿನೊಳಗಿನ ಸಣ್ಣ ಮಕ್ಕಳಿಗೆ ಒಟ್ಟಾಗಿ ನಡೆಸಿಕೊಂಡು ಹೋಗುವ ಗುಂಪು ಸುಲಭ. ಒಂದು ಕಿ.ಮೀ. ಒಳಗಿನ ಎಂಟು ಹತ್ತು ಮಕ್ಕಳು, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು, ಮೂರು ನಾಲ್ಕು ಕಡೆ ನಿಗದಿತ ಹೊತ್ತಿಗೆ ನಿಲುಗಡೆ. ಇದು ಮುರಿದುಬೀಳುವುದು ಸರದಿ ತಪ್ಪಿದಾಗ. ಪ್ರತಿ ದಿನಕ್ಕೂ ಒಬ್ಬ ಬದಲಿಯ ಹೆಸರು ಪಟ್ಟಿಯಲ್ಲಿರಲಿ.

ಮೊದಲು ಯಾರನ್ನು ಕೇಳಬೇಕು, ಹೇಗೆ ಎಣಿಸಬೇಕು

ಅಭ್ಯಾಸ ಗಟ್ಟಿಯಾದವರನ್ನು ಬದಲಿಸುವುದು ಕಷ್ಟ. ಮನೆ ಬದಲಿಸಿದವರು, ಹೊಸ ಕೆಲಸಕ್ಕೆ ಸೇರಿದವರು, ಮಗುವನ್ನು ಹೊಸ ಶಾಲೆಗೆ ಹಾಕಿದವರು ಹೇಗೂ ದಾರಿ ಹುಡುಕುತ್ತಿರುತ್ತಾರೆ. ಮೊದಲ ತಿಂಗಳಲ್ಲೇ ಅವರ ಬಳಿ ಹೋಗಿ. ಒಂದು ವಾರದ ಪ್ರಯೋಗಕ್ಕೆ ಸೈಕಲ್ ಎರವಲು ಕೊಟ್ಟು, ಅದೇ ಕಡೆಯಿಂದ ಬರುವ ಅನುಭವಿ ಸವಾರರೊಬ್ಬರನ್ನು ಎರಡು ದಿನ ಜೊತೆಗೆ ಕಳಿಸಿ. ಬೆಂಗಳೂರಿನಲ್ಲಿ 2013ರಿಂದ ನಡೆದ ಸೈಕಲ್ ಡೇಗಳಲ್ಲಿ ರಸ್ತೆ ಮುಚ್ಚಿ ಮಕ್ಕಳಾದಿಯಾಗಿ ಎಲ್ಲರೂ ತುಳಿದರು. ಸಂತೋಷದ ದಿನಗಳು. ಸೋಮವಾರಕ್ಕೆ ಅದು ದಾಟಬೇಕಾದರೆ ಭಾನುವಾರ ಬಂದವರ ವಿಳಾಸ, ಕೆಲಸದ ಜಾಗ ಬರೆದುಕೊಂಡು ದಾರಿ ಹೇಳಿಕೊಡುವವರು ಬೇಕು.

ಶುರುಮಾಡುವ ಮೊದಲು ಎಣಿಸಿ. ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನ, ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಗೇಟಿನಲ್ಲಿ ನಿಂತು ನಡೆದು ಬಂದವರು, ಸೈಕಲ್, ಬಸ್ ಸ್ಟಾಪಿನ ಕಡೆಯಿಂದ ಬಂದವರು, ಬೈಕು, ಒಬ್ಬರೇ ಇರುವ ಕಾರು, ಇಬ್ಬರು ಅಥವಾ ಹೆಚ್ಚು ಜನರಿರುವ ಕಾರು ಎಂದು ಗೀಟು ಹಾಕಿ. ಸ್ಟ್ಯಾಂಡಿನಲ್ಲಿ ನಿಂತ ಸೈಕಲ್ ಎಣಿಸಿದರೆ ತಪ್ಪು ಲೆಕ್ಕ ಬರುತ್ತದೆ, ಅದರಲ್ಲಿ ಹಲವು ತಿಂಗಳಿಂದ ಕದಲದವು ಇರುತ್ತವೆ. ಜೊತೆಗೆ ಎಲ್ಲರ ಮನೆಯ ವಿಳಾಸ ಪಡೆದು ಒಂದು ಕಿ.ಮೀ. ಒಳಗೆ, ಐದರ ಒಳಗೆ, ಹತ್ತರ ಒಳಗೆ ಎಷ್ಟು ಜನ ಎಂದು ವಿಂಗಡಿಸಿ. ಐದರೊಳಗಿನ ಗುಂಪು ದೊಡ್ಡದಿದ್ದು ಸೈಕಲ್ ಇಲ್ಲವೆಂದರೆ ಸ್ಟ್ಯಾಂಡು, ದಾರಿಯ ಕಡೆ ನೋಡಿ. ಹತ್ತರ ಆಚೆಯವರೇ ಹೆಚ್ಚಿದ್ದರೆ ದುಡ್ಡನ್ನೆಲ್ಲ ಬಸ್ ಪಾಸು ಮತ್ತು ಮೆಟ್ರೊ ನಿಲ್ದಾಣದಿಂದ ಓಡಿಸುವ ಸಣ್ಣ ವ್ಯಾನಿಗೆ ಹಾಕಿ. ಮರು ಎಣಿಕೆಯನ್ನು ಮುಂದಿನ ವರ್ಷ ಅದೇ ತಿಂಗಳಲ್ಲಿ ಮಾಡಿ. ಫೆಬ್ರವರಿಯ ಸೈಕಲ್ಲುಗಳನ್ನು ಅಕ್ಟೋಬರಿನ ಸೈಕಲ್ಲುಗಳಿಗೆ ಹೋಲಿಸಿದರೆ ತಿಳಿಯುವುದು ಮಳೆಯ ಪ್ರಭಾವ ಮಾತ್ರ.